ಕೋಲುಗಳ ಕಟ್ಟು, ಕೊಡಲಿಯ ಅಲಗು

ಪ್ರಾಚೀನ ರೋಮಿನ ಅಧಿಪತಿಗಳು ಬೀದಿಯಲ್ಲಿ ಹೊರಟಾಗ ಅವರ ಮುಂದೆ ನಡೆಯುತ್ತಿದ್ದ ಊಳಿಗದವರ ಹೆಗಲ ಮೇಲೆ, ತೊಗಲಿನ ಪಟ್ಟಿಯಿಂದ ಬಿಗಿದ ಕೋಲುಗಳ ಕಟ್ಟೊಂದೂ ಅದರ ನಡುವೆ ಸಿಕ್ಕಿಸಿದ ಕೊಡಲಿಯೂ ಇರುತ್ತಿದ್ದುವು. ಕೋಲು ದಂಡಿಸುವ ಅಧಿಕಾರದ ಕುರುಹು, ಕೊಡಲಿ ಕೊಲ್ಲುವ ಅಧಿಕಾರದ ಕುರುಹು. ಆದರೆ ಗಣರಾಜ್ಯದ ಕಾಲದಲ್ಲಿ ನಗರದ ಪವಿತ್ರ ಎಲ್ಲೆಯನ್ನು ಹೊಗುವ ಮುನ್ನ ಆ ಕೊಡಲಿಯನ್ನು ಕಳಚಿಡಬೇಕಾಗಿದ್ದಿತು. ಏಕೆಂದರೆ ಅಲ್ಲಿ ಮರಣದಂಡನೆಗೆ ಗುರಿಯಾದ ಪೌರನಿಗೆ ಜನತೆಯ ಮುಂದೆ ಮೊರೆಯಿಡುವ ಹಕ್ಕಿದ್ದಿತು. ಈ ನಿಯಮಕ್ಕೆ ಒಳಪಡದವನು, ಆಪತ್ಕಾಲದಲ್ಲಿ ಆರು ತಿಂಗಳ ಮಟ್ಟಿಗೆ ನಿಯುಕ್ತನಾಗುತ್ತಿದ್ದ ಸರ್ವಾಧಿಕಾರಿಯೊಬ್ಬನೇ. ಫ್ಯಾಸಿಸಂ ಎಂಬ ಶಬ್ದದ ಮೂಲವಿರುವುದು ಈ ಕಟ್ಟಿನಲ್ಲಿ. ಅದರ ಚರಿತ್ರೆಯಿರುವುದು ಆ ನಿಯಮದ ವಿಸ್ಮರಣೆಯಲ್ಲಿ.

ಇಟಲಿಯ ನುಡಿಯಲ್ಲಿ ‘ಫಾಶೋ’ ಎಂದರೆ ಕಟ್ಟು, ಕೂಟ. 1890ರ ದಶಕದಲ್ಲಿ ಸಿಸಿಲಿಯ ಬಡ ರೈತರೂ ಗಂಧಕದ ಗಣಿಗಳ ಕೂಲಿಗಳೂ ತಮ್ಮ ಸಂಘಗಳನ್ನು ಇದೇ ಹೆಸರಿನಿಂದ ಕರೆದುಕೊಂಡಿದ್ದರು. ಕಮ್ಮಾರನ ಮಗನಾಗಿ ಹುಟ್ಟಿ, ಸಮಾಜವಾದಿ ಪತ್ರಿಕೆಯ ಸಂಪಾದಕನಾಗಿ ಬೆಳೆದು, ಯುದ್ಧವನ್ನು ಬೆಂಬಲಿಸಿದುದರಿಂದ 1914ರಲ್ಲಿ ಪಕ್ಷಭ್ರಷ್ಟನಾದ ಬೆನಿಟೊ ಮುಸೊಲಿನಿಯು, 1919ರ ಮಾರ್ಚ್ 23ರಂದು ಮಿಲಾನಿನ ಸಾನ್ ಸೆಪೋಲ್ಕ್ರೊ ಚೌಕದಲ್ಲಿ ಸಭೆ ನೆರೆಸಿ ಈ ಹೆಸರನ್ನು ತನ್ನದಾಗಿಸಿಕೊಂಡನು. ಆ ವರ್ಷ ಅವನ ಕೂಟವು ಸಾರಿದುದು ಎಂಟು ಗಂಟೆಗಳ ದುಡಿಮೆಯನ್ನು, ಸ್ತ್ರೀಯರ ಮತಾಧಿಕಾರವನ್ನು, ಸಿರಿವಂತರ ಮೇಲಣ ತೆರಿಗೆಯನ್ನು. ನವೆಂಬರಿನ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದೊರೆಯಲಿಲ್ಲ.

ಆಮೇಲಿನ ಎರಡು ವರ್ಷಗಳಲ್ಲಿ ಈ ಕೂಟದ ಭಾಗ್ಯ ತೆರೆದುದು ವಿಚಾರದ ಬಲದಿಂದಲ್ಲ, ಭಯದ ಬಲದಿಂದ. ಮಹಾಯುದ್ಧದಲ್ಲಿ ಆರು ಲಕ್ಷದಷ್ಟು ಸೈನಿಕರನ್ನು ಕಳೆದುಕೊಂಡ ದೇಶ, ಗೆದ್ದೂ ಸೋತೆವೆಂದು ಕುದಿಯುತ್ತಿದ್ದಿತು, ಬೆಲೆಗಳು ಏರಿದ್ದುವು, 1920ರ ಸೆಪ್ಟೆಂಬರಿನಲ್ಲಿ ಉತ್ತರದ ಕಾರ್ಮಿಕರು ಕಾರ್ಖಾನೆಗಳನ್ನೇ ವಶಪಡಿಸಿಕೊಂಡರು. ಪೊ ನದಿಯ ಬಯಲಿನ ಜಮೀನುದಾರರು ಹೆದರಿ ಮುಸೊಲಿನಿಯ ಕೂಟಕ್ಕೆ ಹಣವನ್ನೊದಗಿಸಿದರು. ಅದರ ಕರಿಯಂಗಿಯ ದಂಡುಗಳು ಕೂಲಿಕಾರರ ಸಂಘಗಳನ್ನೂ ಸಹಕಾರಿ ಭಂಡಾರಗಳನ್ನೂ ಸುಟ್ಟು, ಎದುರು ನಿಂತವರ ಬಾಯಿಗೆ ಹರಳೆಣ್ಣೆಯನ್ನು ಸುರಿದುವು. ಅನೇಕ ಕಡೆ ಪೊಲೀಸರು ಕಂಡೂ ಕಾಣದಂತಿದ್ದರು. ಸಿರಿವಂತರ ಮೇಲೆ ತೆರಿಗೆ ಹೇರಬೇಕೆಂದವನು ಈಗ ಅವರ ಕಾವಲುಗಾರನಾದನು.

1922ರ ಅಕ್ಟೋಬರಿನಲ್ಲಿ ಈ ದಂಡುಗಳು ರೋಮಿನತ್ತ ಹೊರಟುವು. ಅವನ್ನು ತಡೆಯಲು ಪ್ರಧಾನಿ ಫಾಕ್ತಾ ಸಿದ್ಧಪಡಿಸಿದ ಸೈನಿಕ ಶಾಸನದ ಆಜ್ಞೆಗೆ, 28ರ ಬೆಳಗ್ಗೆ, ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಸಹಿ ಹಾಕಲಿಲ್ಲ. ಮಿಲಾನಿನಲ್ಲಿ ಕಾದು ಕುಳಿತಿದ್ದ ಮುಸೊಲಿನಿಯು ರೈಲಿನಲ್ಲಿ ಬಂದಿಳಿದು, ತನ್ನ 39ನೆಯ ವಯಸ್ಸಿನಲ್ಲಿ, ದೊರೆಯ ಕೈಯಿಂದಲೇ ಪ್ರಧಾನಿ ಪದವಿಯನ್ನು ಪಡೆದನು. ಹಿಂದಣ ಚುನಾವಣೆಯಲ್ಲಿ ಫ್ಯಾಸಿಸ್ಟರು ಗೆದ್ದಿದ್ದುದು 35 ಸ್ಥಾನಗಳನ್ನು. ಅದೇ ಸಂಸತ್ತಿನಲ್ಲಿ ಅವನ ಸರ್ಕಾರದ ಪರವಾಗಿ ಬಿದ್ದುವು 306 ಮತಗಳು. ಹೊಣೆ ಹೊರಿಸಿದರೆ ಪುಂಡನೂ ಪಳಗುವನೆಂದು ಉದಾರವಾದಿ ಹಿರಿಯರು ನಂಬಿದ್ದರು.

ನಾಲ್ಕನೆಯ ಒಂದು ಪಾಲು ಮತ ಪಡೆದ ಅಗ್ರಪಕ್ಷಕ್ಕೆ ಮೂರನೆಯ ಎರಡು ಪಾಲು ಸ್ಥಾನಗಳನ್ನು ಕೊಡುವ ಕಾನೂನನ್ನು 1923ರಲ್ಲಿ ಸಂಸತ್ತೇ ಅಂಗೀಕರಿಸಿತು. ಮರುವರ್ಷದ ಚುನಾವಣೆಯ ಅಕ್ರಮಗಳನ್ನು ಮೇ 30ರಂದು ಸಭೆಯಲ್ಲಿ ಬಯಲಿಗೆಳೆದ ಸಮಾಜವಾದಿ ಜಾಕೊಮೊ ಮತ್ತೆಯೊತ್ತಿಯನ್ನು ಜೂನ್ 10ರಂದು ಫ್ಯಾಸಿಸ್ಟರು ಅಪಹರಿಸಿ ಕೊಂದರು. ದೊರೆ ಸುಮ್ಮನಿದ್ದನು. 1925ರ ಜನವರಿ 3ರಂದು ಮುಸೊಲಿನಿಯು, ನಡೆದುದಕ್ಕೆಲ್ಲ ತಾನೇ ಹೊಣೆಯೆಂದು ಸಂಸತ್ತಿನಲ್ಲಿ ಸಾರಿದನು. ಅವನನ್ನು ತಡೆಯುವವರು ಇರಲಿಲ್ಲ. 1926ರಲ್ಲಿ ಇತರ ಪಕ್ಷಗಳು ನಿಷಿದ್ಧವಾದುವು. ಅದೇ ವರ್ಷ ಕೊಡಲಿಯೊಡನೆ ಕೂಡಿದ ಕೋಲುಗಳ ಕಟ್ಟು ರಾಜ್ಯಲಾಂಛನವಾಯಿತು.

ಸಿದ್ಧಾಂತವು ಬಂದುದು ಕಡೆಗೆ. ತತ್ತ್ವಜ್ಞ ಜೊವಾನ್ನಿ ಜೆಂತೀಲೆಯ ನೆರವಿನಿಂದ ರಚಿತವಾಗಿ, 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಮುಸೊಲಿನಿಯ ಹೆಸರಿನಿಂದ ಪ್ರಕಟವಾದ ಲೇಖನವು, ರಾಜ್ಯವೇ ಪರಮ, ವ್ಯಕ್ತಿಗೆ ಅದರ ಹೊರಗೆ ಬೆಲೆಯಿಲ್ಲ, ಯುದ್ಧವೇ ಮಾನವಶಕ್ತಿಯ ಒರೆಗಲ್ಲು ಎಂದು ಬೋಧಿಸಿತು. ಹಿಂದಿನ ವರ್ಷವೇ ಆಳ್ವಿಕೆಗೆ ನಿಷ್ಠೆಯ ಪ್ರಮಾಣವನ್ನು ಕೇಳಿದಾಗ, 1200ರಷ್ಟಿದ್ದ ಪ್ರಾಧ್ಯಾಪಕರಲ್ಲಿ ಒಲ್ಲೆನೆಂದವರು ಹನ್ನೆರಡರ ಆಸುಪಾಸಿನವರು ಮಾತ್ರ.

ಅದೇ ದೊರೆಯು ಅದೇ ಮುಸೊಲಿನಿಯನ್ನು 1943ರ ಜುಲೈ 25ರಂದು ಪದವಿಯಿಂದಿಳಿಸಿ ಸೆರೆಹಿಡಿಸಿದನು. ಆ ಹೊತ್ತಿಗೆ ಇಥಿಯೋಪಿಯ ಇಟಲಿಯ ಸೇನೆಯ ವಿಷವಾಯುವಿನಲ್ಲಿ ಬೆಂದಿದ್ದಿತು. ಯೆಹೂದ್ಯರು ಶಾಲೆಗಳಿಂದಲೂ ಉದ್ಯೋಗಗಳಿಂದಲೂ ಹೊರದೂಡಲ್ಪಟ್ಟಿದ್ದರು. ಇಟಲಿಯ ನೆಲವೇ ರಣಭೂಮಿಯಾಗಿದ್ದಿತು. ಒಂದು ಬೆಳಗ್ಗೆ ಒಂದು ಸಹಿಯಿಂದ ಮಾಡಬಹುದಾಗಿದ್ದುದನ್ನು ಮಾಡಲು ಹಿಡಿದುದು ಇಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲ. ಕೊಡಲಿಯನ್ನು ಕಳಚಿಡಿಸಬೇಕಾದುದು ಊರ ಎಲ್ಲೆಯಲ್ಲಿ. ಒಳಗೆ ಬಂದ ಮೇಲೆ ಅದನ್ನು ಬೇಡಿ ಪಡೆದವರಿಲ್ಲ.