‘ತಪ್ಪಾಯ್ತು’ ಎಂಬ ಮಾತು: ಇರ್ವಿಂಗ್‌ನ ನರ್ಸಿಂಗ್ ವಿದ್ಯಾರ್ಥಿ ಮತ್ತು ಟೆಕ್ಸಾಸಿನ ಕಾನೂನು

ಇಂಗ್ಲಿಷಿನ ‘ಸಾರಿ’ಗೆ ಎರಡು ಕೆಲಸ. ಸಾವಿನ ಮನೆಗೆ ಹೋದವರೂ ಅದನ್ನೇ ಹೇಳುತ್ತಾರೆ, ಕಾಲು ತುಳಿದವರೂ ಅದನ್ನೇ ಹೇಳುತ್ತಾರೆ. ಕನ್ನಡದಲ್ಲಿ ಇವು ಬೇರೆ ಬೇರೆ ಮಾತು: ಅಲ್ಲಿ ‘ಅಯ್ಯೋ, ಹೀಗಾಗಬಾರದಿತ್ತು’, ಇಲ್ಲಿ ‘ತಪ್ಪಾಯ್ತು’. ಟೆಕ್ಸಾಸಿನ ಇರ್ವಿಂಗ್ ನಗರದ ಕನ್ನಡ ಮನೆಯಿಂದ ನರ್ಸಿಂಗ್ ಓದಲು ಹೋಗುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಟೆಕ್ಸಾಸಿನ ಕಾನೂನು ಗೆರೆ ಎಳೆದಿರುವುದು ಸರಿಯಾಗಿ ಇದೇ ಜಾಗದಲ್ಲಿ.

ಅಲ್ಲಿನ ಸಿವಿಲ್ ಪ್ರಾಕ್ಟೀಸ್ ಅಂಡ್ ರೆಮಿಡೀಸ್ ಕೋಡ್‌ಗೆ 1999ರಲ್ಲಿ ಸೇರಿದ 18.061ನೇ ಕಲಮಿನ ಪ್ರಕಾರ, ನೊಂದವರಿಗೋ ಅವರ ಹತ್ತಿರದ ನಂಟರಿಗೋ ಆಡಿದ ಅನುಕಂಪದ ಮಾತನ್ನು ಹೊಣೆ ಸಾಬೀತು ಮಾಡಲು ಬಳಸುವಂತಿಲ್ಲ. ಮಾತಿನೊಳಗೆ ಅಜಾಗ್ರತೆಯನ್ನು ಒಪ್ಪಿದ್ದರೆ ಮಾತ್ರ ಆ ಮಾತು ಸಾಕ್ಷ್ಯವಾಗಬಲ್ಲದು. ಕೊಲರಾಡೊ 2003ರಲ್ಲಿ ವೈದ್ಯಕೀಯ ಸಿಬ್ಬಂದಿಯ ತಪ್ಪೊಪ್ಪಿಗೆಗೂ ರಕ್ಷಣೆ ಕೊಟ್ಟಿತು. ಟೆಕ್ಸಾಸ್ ಅಷ್ಟು ದೂರ ಹೋಗಿಲ್ಲ. ನಂಟಿಗೂ ಲೆಕ್ಕವಿದೆ: ಎರಡನೇ ಹಂತದೊಳಗಿನವರು ಮಾತ್ರ ಹತ್ತಿರದ ನಂಟರು. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜಅಜ್ಜಿ, ಮೊಮ್ಮಕ್ಕಳು ಎರಡನೇ ಹಂತದೊಳಗೆ ಬರುತ್ತಾರೆ. ಚಿಕ್ಕಪ್ಪ, ಸೋದರಮಾವ ಮೂರನೇ ಹಂತ, ಅಂದರೆ ಹೊರಗೆ. ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಮೊದಲು ಓಡಿಬರುವವರು ಎಷ್ಟೋ ಸಲ ಅವರೇ.

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ರಾತ್ರಿ ಕೊಡಬೇಕಾದ ಬಿ.ಪಿ. ಮಾತ್ರೆಯನ್ನು ವಿದ್ಯಾರ್ಥಿನಿ ಬೆಳಿಗ್ಗೆಯೇ ಕೊಟ್ಟುಬಿಟ್ಟಳು. ಮೊದಲು ರೋಗಿಯ ಬಿ.ಪಿ. ನೋಡಬೇಕು, ಇನ್‌ಸ್ಟ್ರಕ್ಟರ್‌ಗೆ, ವಾರ್ಡಿನ ನರ್ಸ್‌ಗೆ, ಡಾಕ್ಟರಿಗೆ ತಿಳಿಸಬೇಕು. ಆಮೇಲೆ ಮಂಚದ ಪಕ್ಕ ನಿಲ್ಲುವ ಗಳಿಗೆ. ಮಲಗಿರುವ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ‘ಮಾತ್ರೆ ಕೊಡೋದ್ರಲ್ಲಿ ತಪ್ಪಾಯ್ತು ಅಜ್ಜಿ’ ಅಂದರೆ ಆ ವಾಕ್ಯದಲ್ಲಿ ಮಾಡಿದವರೇ ಇಲ್ಲ. ತಪ್ಪು ತಾನಾಗಿ ಆಯಿತು. ‘ನನ್ನಿಂದ’ ಎಂದು ಸೇರಿಸಿದೊಡನೆ ಹೊಣೆ ಬಂದು ಕೂರುತ್ತದೆ. ವ್ಯಾಕರಣ ಹೀಗಿದ್ದರೂ ಅಜ್ಜಿಯ ಕಿವಿಗೆ ಬರಿಯ ‘ತಪ್ಪಾಯ್ತು’ ಕೂಡ ಶರಣಾಗತಿಯೇ. ಇಂಗ್ಲಿಷಿಗೆ ತಂದಾಗ ಅದೇ ಮಾತು ಎತ್ತ ಬೇಕಾದರೂ ವಾಲಬಹುದು. ಆದ್ದರಿಂದ ಕನ್ನಡ ಬರುತ್ತದೆಂದು ವಿದ್ಯಾರ್ಥಿನಿಯೊಬ್ಬಳನ್ನೇ ಮುಂದೆ ಬಿಡುವುದು ಸರಿಯಲ್ಲ. ಅರ್ಹ ದುಭಾಷಿಯೂ ಇನ್‌ಸ್ಟ್ರಕ್ಟರೂ ಜೊತೆಗಿರಬೇಕು.

ಹಾಗೆಂದು ‘ನನ್ನಿಂದ’ ಎಂಬುದನ್ನು ನುಂಗಿಕೊಳ್ಳಲು ಕಲಿಸುವುದನ್ನು ನಾನು ಒಪ್ಪಲಾರೆ. ಚಿಕಿತ್ಸೆಯಲ್ಲಿ ನಿರೀಕ್ಷಿಸದ್ದು ನಡೆದರೆ ರೋಗಿಗೆ ತಿಳಿಸಬೇಕೆಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2001ರಲ್ಲೇ ವಿಧಿಸಿತು. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾರ ಕೈಯಿಂದ ಎಂಬುದು ಚಾರ್ಟಿನಲ್ಲಿ ಬರೆದೇ ಇರುತ್ತದೆ. ಬಾಯಲ್ಲಿ ಮರೆಮಾಚಿದರೆ ಉಳಿಯುವುದೇನೂ ಇಲ್ಲ, ಕಳೆಯುವುದು ಅಜ್ಜಿಯ ನಂಬಿಕೆ.

ಡಲ್ಲಾಸ್, ಇರ್ವಿಂಗ್ ಕಡೆಯ ನರ್ಸಿಂಗ್ ಬೋಧಕರಲ್ಲಿ ಒಂದು ಕೋರಿಕೆ. ಸಿಮ್ಯುಲೇಷನ್ ಕೋಣೆಯಲ್ಲಿ ಬೊಂಬೆಯ ಮುಂದೆ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿಸುವಾಗ, ಒಂದು ಸಲವಾದರೂ ವಿದ್ಯಾರ್ಥಿಯ ಮನೆಮಾತಿನಲ್ಲಿ ಹೇಳಿಸಿ, ಆ ಮಾತಿನ ಅರ್ಥವನ್ನು ಅವರಿಂದಲೇ ಇಂಗ್ಲಿಷಿನಲ್ಲಿ ಬಿಡಿಸಿ ಕೇಳಿ.