ಪ್ರಿನ್ಸ್‌ಟನ್ ಎಲ್ಮ್‌ನ ಜಾತಕ

ನ್ಯೂಜೆರ್ಸಿಯಲ್ಲಿ ಇಂದು ರೋಗ ತಡೆಯುವ ಎಲ್ಮ್ ಮರ ನೆಡಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ: ಏಷ್ಯಾ, ಯುರೋಪಿನ ಎಲ್ಮ್‌ಗಳನ್ನು ಕೂಡಿಸಿದ ಮಿಶ್ರತಳಿಗಳು, ಇಲ್ಲವೇ ಅಪ್ಪಟ ಅಮೆರಿಕನ್ ಎಲ್ಮ್‌ನಲ್ಲೇ ಆಯ್ದ ‘ಪ್ರಿನ್ಸ್‌ಟನ್’ನಂಥ ತಳಿಗಳು. ‘ಪ್ರಿನ್ಸ್‌ಟನ್’ನ ಹುಟ್ಟಿನ ವರ್ಷ ನೋಡಿದ ಮೇಲೆ ಹಳೆಯ ವರದಿಗಳನ್ನು ಓದದೆ ಇರಲಾಗಲಿಲ್ಲ. ಪ್ರಿನ್ಸ್‌ಟನ್ ನರ್ಸರೀಸ್‌ನ ವಿಲಿಯಂ ಫ್ಲೆಮರ್ ಅದನ್ನು ಆರಿಸಿದ್ದು 1922ರಲ್ಲಿ. ಎಲ್ಮ್‌ಗಳನ್ನು ಕೊಲ್ಲುವ ಈ ‘ಡಚ್ ಎಲ್ಮ್ ರೋಗ’ ಅಮೆರಿಕದಲ್ಲಿ ಪತ್ತೆಯಾದದ್ದು 1930ರಲ್ಲಿ, ಒಹಾಯೋದಲ್ಲಿ. ದೇಶಕ್ಕೇ ಬಾರದ ರೋಗವನ್ನು ತಡೆಯುವ ಮರ ಅವರ ಕಣ್ಣಿಗೆ ಬಿದ್ದದ್ದು ಹೇಗೆ?

ಅವರು ರೋಗದ ಲೆಕ್ಕ ಹಾಕಿರಲೇ ಇಲ್ಲ. ಮೇಲಕ್ಕೇರುತ್ತಾ ಹರವಿಕೊಳ್ಳುವ ಕೊಂಬೆಗಳು, ದಪ್ಪನೆಯ ಎಲೆ, ಬೇಗ ಬೆಳೆಯುವ ಗುಣ. ಆಯ್ಕೆಗೆ ಕಾರಣ ಅಂದಚೆಂದ. ಅದೇ 1922ರಲ್ಲಿ ಹಾಲೆಂಡಿನ ಬೇಆ ಶ್ವಾರ್ಟ್ಸ್ ಎಂಬ ಯುವ ವಿಜ್ಞಾನಿ, ಅಲ್ಲಿಯ ಎಲ್ಮ್‌ಗಳ ಸಾವಿಗೆ ಶಿಲೀಂಧ್ರವೇ ಕಾರಣವೆಂದು ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಬರಗಾಲ, ಮಹಾಯುದ್ಧದ ವಿಷಾನಿಲ ಎಂದೆಲ್ಲ ವಾದಿಸುತ್ತಿದ್ದವರು ಆಕೆಯ ಮಾತನ್ನು ಸುಲಭಕ್ಕೆ ಒಪ್ಪಲಿಲ್ಲ. ಸಂಶಯ ನೀಗಿಸಿದ್ದು ಅಲ್ಲಿಯ ಇನ್ನೊಬ್ಬ ಮಹಿಳೆ, ಕ್ರಿಸ್ಟೀನ್ ಬೌಸ್ಮನ್. ಈ ಇಬ್ಬರ ಹೆಸರು ನಮ್ಮ ಸಸ್ಯಶಾಸ್ತ್ರದ ಪಾಠಗಳಲ್ಲೂ ಬರಬೇಕು.

1933ರ ಕಡತಗಳು ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುತ್ತವೆ. ಆ ವರ್ಷ ನ್ಯೂಜೆರ್ಸಿಯಲ್ಲಿ ರೋಗ ಸ್ಫೋಟಿಸಿತು. ಪೀಠೋಪಕರಣಗಳಿಗೆ ವೆನೀರ್ ಸೀಳಲೆಂದು ಯುರೋಪಿನಿಂದ ತರಿಸಿದ್ದ ಎಲ್ಮ್‌ನ ಗಂಟು ದಿಮ್ಮಿಗಳ ತೊಗಟೆಯಡಿ ಶಿಲೀಂಧ್ರವೂ ಅದನ್ನು ಹೊರುವ ತೊಗಟೆ ಜೀರುಂಡೆಯೂ ಸಿಕ್ಕವು. ಆಮದಿಗೆ ನಿರ್ಬಂಧ ಬಿತ್ತು, ಆದರೆ ಹೊತ್ತು ಮೀರಿತ್ತು.

ರೋಗ ಮೊದಲು ತೋರುವುದು ಒಂದೇ ಕೊಂಬೆಯಲ್ಲಿ. ಬೇಸಿಗೆಯ ಆರಂಭದಲ್ಲಿ ಎಲೆ ಸೊರಗಿ ಹಳದಿಯಾಗುತ್ತದೆ. ಆ ಕಡ್ಡಿಯ ತೊಗಟೆ ಕೆರೆದರೆ ಕೆಳಗಿನ ಮರದಲ್ಲಿ ಕಂದು ಗೆರೆಗಳು. ಅಡ್ಡ ಕತ್ತರಿಸಿದರೆ ಚುಕ್ಕೆಗಳ ಉಂಗುರ. ಶಿಲೀಂಧ್ರ ಹರಡದಂತೆ ಮರ ತನ್ನ ನೀರಿನ ನಾಳಗಳನ್ನು ತಾನೇ ಮುಚ್ಚಿಕೊಂಡು ಬಾಯಾರಿ ಸಾಯುತ್ತದೆ. ಬಾಳೆಗೆ ಬರುವ ಪನಾಮ ಸೊರಗು ರೋಗವನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಳಿ ಬೆರೆಸುವ ಕೆಲಸ ಆರಂಭವಾದಾಗ ಅಡ್ಡಬಂದದ್ದು ಕ್ರೋಮೋಸೋಮು. ಅಮೆರಿಕನ್ ಎಲ್ಮ್‌ನಲ್ಲಿ ಸಾಮಾನ್ಯವಾಗಿ 56, ಏಷ್ಯಾದ ಬಂಧುಗಳಲ್ಲಿ 28. ಕೂಡಿಸಿದರೆ ಬೀಜ ಕಟ್ಟುವುದೇ ಅಪರೂಪ. ಹೀಗಾಗಿ 1976ರ ‘ಅರ್ಬನ್’, 1990ರ ‘ಫ್ರಾಂಟಿಯರ್’, ಮಾರ್ಟನ್ ಅರ್ಬೊರೀಟಮ್‌ನ ‘ಅಕೊಲೇಡ್’ ಮುಂತಾದ ಮಿಶ್ರತಳಿಗಳು ಅಮೆರಿಕನ್ ಎಲ್ಮ್‌ನ ರಕ್ತವಿಲ್ಲದೆಯೇ ಹುಟ್ಟಿದವು. ಗಟ್ಟಿ ಮರಗಳು ನಿಜ. ಆದರೆ ಬೀದಿಯ ಎರಡು ಬದಿಯಿಂದ ಬಾಗಿ ಮೇಲೆ ಚಪ್ಪರ ಕಟ್ಟುವ ಹಳೆಯ ಸೊಬಗನ್ನು ಹೆಚ್ಚಿನವು ಪೂರ್ತಿ ತುಂಬಿಕೊಡಲಿಲ್ಲ.

ಇಷ್ಟರಲ್ಲಿ ಪ್ರಿನ್ಸ್‌ಟನ್ ಊರಿನ ವಾಷಿಂಗ್ಟನ್ ರಸ್ತೆಯ ‘ಪ್ರಿನ್ಸ್‌ಟನ್’ ಸಾಲುಮರಗಳು ಸುತ್ತಲ ಎಲ್ಮ್‌ಗಳು ಸಾಯುತ್ತಿದ್ದರೂ ನಿಂತೇ ಇದ್ದವು. ಅಮೆರಿಕದ ಕೃಷಿ ಇಲಾಖೆಯ ಆಲ್ಡನ್ ಟೌನ್ಸೆಂಡ್ ಮತ್ತು ಸಂಗಡಿಗರು ಅಮೆರಿಕನ್ ಎಲ್ಮ್‌ನ 19 ಆಯ್ಕೆಗಳಿಗೆ ಶಿಲೀಂಧ್ರ ಚುಚ್ಚಿ ನೋಡಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ತಾಳಿಕೊಂಡವುಗಳ ಸಾಲಿನಲ್ಲಿ ‘ವ್ಯಾಲಿ ಫೋರ್ಜ್’ ಜೊತೆ ‘ಪ್ರಿನ್ಸ್‌ಟನ್’ ಕೂಡ ಇತ್ತು. ಅದೇ ವರ್ಷ ಶ್ವೇತಭವನದ ಮುಂದಿನ ರಸ್ತೆಗೂ ಅದನ್ನೇ ನೆಟ್ಟರು.

ಇದನ್ನೆಲ್ಲ ಓದಿಯೂ, ಊರಿಡೀ ‘ಪ್ರಿನ್ಸ್‌ಟನ್’ ಒಂದನ್ನೇ ನೆಡುವುದನ್ನು ನಾನು ಒಪ್ಪಲಾರೆ. ಅದರ ಕವಲುಗಳು ಇಕ್ಕಟ್ಟಾಗಿ ಬೆಳೆದು ಬಿರುಗಾಳಿಗೆ ಸೀಳುತ್ತವೆ, ಎಳೆಯದರಲ್ಲೇ ಸವರಬೇಕು. ಕಡ್ಡಿಯಿಂದ ಬೆಳೆಸಿದ ಮರಗಳೆಲ್ಲ ಒಂದೇ ಮರದ ಪಡಿಯಚ್ಚು. ಒತ್ತಾಗಿ ನಿಂತ ಎಲ್ಮ್‌ಗಳ ಬೇರುಗಳು ನೆಲದಡಿ ಬೆಸೆದುಕೊಂಡು ರೋಗವನ್ನು ಹಂಚಿಕೊಳ್ಳುತ್ತವೆ. ಜಿಗಿಹುಳು ತರುವ ‘ಎಲ್ಮ್ ಯೆಲ್ಲೋಸ್’ ಎಂಬ ಬೇರೊಂದು ರೋಗಕ್ಕೆ ಅಮೆರಿಕನ್ ಎಲ್ಮ್ ಇಂದಿಗೂ ಬಲಿಯಾಗುತ್ತದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಹೀಗೆ ತನ್ನ ಹಲವು ಹಿರಿಯ ಮರಗಳನ್ನು ಕಳೆದುಕೊಂಡಿತು. ಏಷ್ಯಾ ಮೂಲದ ಹಲವು ಮಿಶ್ರತಳಿಗಳು ಈ ರೋಗವನ್ನು ಹೆಚ್ಚು ತಡೆಯುತ್ತವೆ. ಪುರಸಭೆಗಳು ನನ್ನನ್ನು ಕೇಳಿದರೆ, ಎರಡು ‘ಪ್ರಿನ್ಸ್‌ಟನ್’ಗಳ ನಡುವೆ ಒಂದು ‘ಅಕೊಲೇಡ್’, ಮುಂದಿನ ಗುಂಡಿಗೆ ಓಕ್ ಎನ್ನುತ್ತೇನೆ.