ಬಾವಿ ಬತ್ತಿದಾಗಿನ ಪ್ರಾರ್ಥನೆ

ಪ್ರಾರ್ಥನೆ ರುಚಿಸುವಷ್ಟು ದಿನ ಅದನ್ನು ಬಿಡಬೇಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ರುಚಿ ಕೆಟ್ಟ ಮೇಲೆ ಏನು ಗತಿ? ಕಥೋಲಿಕ ಸಂತರ ಬರಹಗಳಲ್ಲಿ ಹದಿನಾರು ಶತಮಾನಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಉತ್ತರ ಮಾತ್ರ ಪಂಡಿತರ ಪೀಠದಿಂದ ಇಳಿಯುತ್ತಾ ಅಡುಗೆಮನೆಯವರೆಗೆ ಬಂದಿದೆ.

5ನೇ ಶತಮಾನದಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಸಂತ ಅಗಸ್ಟೀನರು ಕಡೆತನಕ ನಿಲ್ಲುವುದು ದೇವರ ವರ, ಅದನ್ನು ಬೇಡಿಯೇ ಪಡೆಯಬೇಕು ಎಂದು ವಾದಿಸಿದರು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಇನ್ನೂ ಸೂಕ್ಷ್ಮವಾಗಿ ನೋಡಿದರು: ಹೊರಗಿನ ಅಡ್ಡಿಗಳನ್ನು ತಡೆದುಕೊಳ್ಳುವುದು ಬೇರೆ, ಕೆಲಸ ದೀರ್ಘವಾದ್ದರಿಂದಲೇ ಬರುವ ಬೇಸರವನ್ನು ತಡೆದುಕೊಳ್ಳುವುದು ಬೇರೆ. ಶತ್ರುವಿಗಿಂತ ಕ್ಯಾಲೆಂಡರ್ ಹೆಚ್ಚು ಜನರನ್ನು ಸೋಲಿಸುತ್ತದೆಂದು ಬಲ್ಲವರ ಮಾತಿದು.

16ನೇ ಶತಮಾನದಲ್ಲಿ ಚರ್ಚೆ ಅಭ್ಯಾಸಕ್ಕಿಳಿಯಿತು. ಮನಸ್ಸು ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬೇಡ, ಪ್ರಾರ್ಥನೆಯ ವೇಳೆಯನ್ನು ತುಸು ಹೆಚ್ಚೇ ಮಾಡು ಎಂದರು ಇಗ್ನಾಸಿ ಲೊಯೋಲಾ. ಅವರ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ 17ನೇ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ಧರ್ಮೋಪದೇಶ ಬರೆದರು.

ಆದರೆ ನಮ್ಮ ಸೀಮೆಗೆ ಹೆಚ್ಚು ಹತ್ತಿರದವರು ಆವಿಲಾದ ತೆರೇಸಾ (1515–1582). ಪ್ರಾರ್ಥನೆಗೆ ಕೂತು, ಗಂಟೆ ಯಾವಾಗ ಹೊಡೆದೀತೋ ಎಂದು ಕಿವಿ ನಿಮಿರಿಸಿ ಕಾದ ವರ್ಷಗಳನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅಲ್ಲೇ ಆತ್ಮವನ್ನು ತೋಟವೆಂದು ಕರೆದು, ನೀರುಣಿಸುವ ನಾಲ್ಕು ಬಗೆ ಹೇಳಿದರು: ಬಾವಿಯಿಂದ ಸೇದುವುದು, ಗಾಲಿ ತಿರುಗಿಸಿ ಎತ್ತುವುದು, ಹೊಳೆ ಕಾಲುವೆಯಿಂದ ಹಾಯಿಸುವುದು, ಮಳೆ. ಹೊಳೆ ದಂಡೆಯ ಹೊನ್ನಾಳಿ, ಪಕ್ಕದ ನ್ಯಾಮತಿ, ಭದ್ರಾ ನಾಲೆಯನ್ನೂ ಸೂಳೆಕೆರೆಯನ್ನೂ ಕಂಡ ಚನ್ನಗಿರಿ, ಮುಗಿಲನ್ನೋ ಕೊಳವೆಬಾವಿಯನ್ನೋ ನಂಬಿದ ಜಗಳೂರು: ಇಲ್ಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕೆ? ಬಾವಿ ಬತ್ತಿದ್ದರೆ? ಆಗಲೂ ಕೊಡ ಇಳಿಬಿಡು, ಹೂಗಳನ್ನು ಉಳಿಸುವುದು ತೋಟದೊಡೆಯನಿಗೆ ಬಿಟ್ಟದ್ದು ಎಂಬುದು ತೆರೇಸಾ ನೀಡಿದ ಉತ್ತರ. ನೂರಾರು ಅಡಿ ಕೊರೆಸಿ ಧೂಳು ಕಂಡವರಿಗೆ ಇದು ಅಗ್ಗದ ಸಮಾಧಾನವೆನಿಸಬಹುದು. ತೆರೇಸಾ ಮಾತ್ರ ಅದನ್ನು ಒಳಗಿನ ಬರಗಾಲ ಕಂಡೇ ಹೇಳಿದ್ದು. ಅವರ ಸಹಚರ ಶಿಲುಬೆಯ ಯೊವಾನ್ನರು ಒಂದು ಹೆಜ್ಜೆ ಮುಂದೆ ಹೋಗಿ, ಆ ಒಣಗುವಿಕೆಯೇ ಶುದ್ಧಿಯ ದಾರಿ ಎಂದರು. ಟೊಲೆಡೊದಲ್ಲಿ ತಮ್ಮ ಕಾರ್ಮೆಲ್ ಸಭೆಯವರೇ ಹಾಕಿದ್ದ ಸೆರೆಯಿಂದ 1578ರಲ್ಲಿ ತಪ್ಪಿಸಿಕೊಂಡು ಬಂದವರು ಅವರು.

ಬಾವಿಯಿಂದ ಮಳೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಕ್ರಮ ನಮ್ಮವರಿಗೆ ಹೊಸದಲ್ಲ. ಶರಣರ ಷಟ್‌ಸ್ಥಲದಲ್ಲಿ ಶ್ರದ್ಧೆಯ ಭಕ್ತಸ್ಥಲ ದಾಟಿದೊಡನೆ ಸಿಗುವ ಮಾಹೇಶ್ವರಸ್ಥಲ ನಿಷ್ಠೆಯದು. ಅಲ್ಲಮ, ಅಕ್ಕ ಇಬ್ಬರ ಊರೂ ನ್ಯಾಮತಿಗೆ ನೆರೆಯ ಶಿಕಾರಿಪುರ ಸೀಮೆಯಲ್ಲಿವೆ. ಆದರೆ ಸಂತರ ದಾರಿ, ಶರಣರ ದಾರಿ ಎರಡೂ ಒಂದೇ ಎನ್ನುವ ಅವಸರ ನನಗಿಲ್ಲ.

1609ರಲ್ಲಿ ಫ್ರಾನ್ಸಿಸ್ ದೆ ಸಾಲ್ಸ್ ಭಕ್ತಿ ಮಠದವರ ಸೊತ್ತಲ್ಲ, ಸಂಸಾರಿಗಳದ್ದೂ ಹೌದೆಂದು ಬರೆದರು. 24ನೇ ವಯಸ್ಸಿಗೇ ತೀರಿಕೊಂಡ ಲಿಸಿಯೂದ ತೆರೇಸಾ (1873–1897) ಪ್ರಾರ್ಥನೆಯಲ್ಲಿ ತೂಕಡಿಸಿದ್ದಕ್ಕೂ ಎದೆಗುಂದಲಿಲ್ಲ. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲೆಯನ್ನೇ ಹೊತ್ತು ದುಡಿದದ್ದು 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ ಜನಸಾಮಾನ್ಯರಿಗೆ ತಿಳಿಯಿತು.

1988ರಿಂದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ, ಹೊನ್ನಾಳಿಯಿಂದ ಜಗಳೂರಿನವರೆಗಿನ ನಮ್ಮ ತಾಲ್ಲೂಕುಗಳ ಕಥೋಲಿಕರಿಗೆ ಹರಿಹರದ ಆರೋಗ್ಯಮಾತೆ ಹತ್ತಿರದ ಯಾತ್ರಾಸ್ಥಳ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಕೆ ಹೊತ್ತವರು ಬರುತ್ತಾರೆ. ಹರಕೆ ಫಲಿಸದವರ ಸಂತರೊಬ್ಬರೂ ಕರ್ನಾಟಕದಲ್ಲೇ ಕೆಲಕಾಲ ಬಾಳಿದ್ದಾರೆ. ಗಲಿಲಾಯದಲ್ಲಿ ಹುಟ್ಟಿದ ಮರಿಯಂ ಬವಾರ್ದಿ 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿನ ಹೊಸ ಕಾರ್ಮೆಲ್ ಮಠಕ್ಕೆ ಬಂದರು. ಓದು ಬರಹ ಅಷ್ಟಕ್ಕಷ್ಟೆ. 1871ರ ನವೆಂಬರ್ 21ರಂದು ಅಲ್ಲೇ ವ್ರತ ಸ್ವೀಕರಿಸಿದರು. ಅವರಿಗಾಗುತ್ತಿದ್ದ ಅನುಭವಗಳನ್ನು ಮೇಲಿನವರು ಶಂಕಿಸಿ, ಮರುವರ್ಷ ಫ್ರಾನ್ಸಿಗೆ ವಾಪಸ್ ಕಳಿಸಿದರು. ಅವರು ಸನ್ಯಾಸ ಬಿಡಲಿಲ್ಲ. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟುತ್ತಿದ್ದ ಕೂಲಿಗಳಿಗೆ ನೀರು ಹೊತ್ತೊಯ್ಯುವಾಗ ಬಿದ್ದು ಕೈ ಮುರಿದುಕೊಂಡರು. ಗಾಯ ಕೊಳೆತು 1878ರ ಆಗಸ್ಟ್ 26ರಂದು ತೀರಿಕೊಂಡರು. 2015ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.